ಮೊದಲ ಸಂಬಳದ ತನಕ ಜೊತೆ ಯಾರು?

ಪದವಿಯ ಫಲಿತಾಂಶ ಬಂದ ಹೊಸತರಲ್ಲಿ ಉಡುಪಿ ಸೀಮೆಯ ಹುಡುಗ ಹುಡುಗಿಯರು ಮದುವೆ ಮನೆ, ಕೋಲದ ಗದ್ದೆಗಳಿಂದ ತುಸು ತಪ್ಪಿಸಿಕೊಂಡೇ ಓಡಾಡುತ್ತಾರೆ. ಊಟದ ಪಂಕ್ತಿಯಲ್ಲಿ ಎಲೆ ಹಾಕುವಷ್ಟರಲ್ಲಿ ಎದುರು ಸಾಲಿನ ದೊಡ್ಡಪ್ಪನೋ ನೆರೆಮನೆಯ ಅಕ್ಕನೋ ಕೇಳಿಬಿಡುತ್ತಾರೆ: "ಈಗ ಎಂತ ಮಾಡಿಕೊಂಡಿದ್ದಿ ಮಗಾ?" ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಹೇಳಲು ಉತ್ತರ ಇಲ್ಲದವರಿಗೆ ಮಾತ್ರ ಆಮೇಲಿನ ಪಾಯಸ ರುಚಿಸುವುದಿಲ್ಲ.

ಒಂದೆರಡು ತಲೆಮಾರಿನ ಹಿಂದೆಯೂ ಇದೇ ಪ್ರಶ್ನೆ ಇತ್ತು. ಆಗ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು: "ಬೊಂಬಾಯಿಗೆ ಹೋಗ್ತಿಯಾ? ನಮ್ಮ ಭಾವ ಅಲ್ಲಿದ್ದಾರೆ, ಒಂದು ಕಾಗದ ಕೊಡ್ತೇನೆ." ಕರಾವಳಿಯ ಎಷ್ಟೋ ಮನೆಗಳ ಹಂಚಿನ ಮಾಡು ತಾರಸಿಯಾದದ್ದು ಈ ಎರಡನೆಯ ಮಾತಿನಿಂದ. ಈಗ ಪ್ರಶ್ನೆ ಉಳಿದಿದೆ, ಅದರ ಬೆನ್ನಿಗೆ ಬರುತ್ತಿದ್ದ ಮಾತು ತೆಳ್ಳಗಾಗಿದೆ. ಕೆಲಸ ಶುರು ಮಾಡುವವರಿಗೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಇವತ್ತು ಏನೆಲ್ಲ ಆಸರೆ ಇದೆ ಎಂದು ನೋಡಹೊರಟರೆ ಯೋಜನೆಗಳಿಗೆ ಬರವಿಲ್ಲ. ಜೊತೆಗೆ ನಾಲ್ಕು ಹೆಜ್ಜೆ ನಡೆಯುವ ಮನುಷ್ಯರಿಗೆ ಬರ ಇದೆ.

ಕಾಗದ ಹಿಡಿದು ಹೋದವರು

ಬೊಂಬಾಯಿಯ ಕತೆ ಎಲ್ಲರಿಗೂ ಗೊತ್ತು ಎಂದುಕೊಂಡಿದ್ದೇವೆ. ಅದರ ಒಳಗಿನ ವ್ಯವಸ್ಥೆಯನ್ನು ಗಮನಿಸಿದವರು ಕಡಿಮೆ. ಊರಿನ ಹುಡುಗ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸಕ್ಕೆ ಸೇರುತ್ತಿದ್ದ. ಕೆಲಸದ ಜೊತೆಗೇ ಊಟ ಮತ್ತು ಮಲಗುವ ಜಾಗ ಸಿಗುತ್ತಿತ್ತು. ಹೊಸ ಊರಿನಲ್ಲಿ ಮೊದಲ ತಿಂಗಳು ಕೈಯಲ್ಲಿ ಕಾಸಿಲ್ಲದೆ ಬದುಕುವುದು ಹೇಗೆ ಎಂಬ, ಇಂದಿಗೂ ಬಗೆಹರಿಯದ ಸಮಸ್ಯೆಯನ್ನು ಆ ಹೋಟೆಲುಗಳು ಹಾಗೆ ಬಗೆಹರಿಸಿದ್ದವು. ಸಂಜೆಯ ಮೇಲೆ ಕನ್ನಡದ ರಾತ್ರಿ ಶಾಲೆ. ಅಲ್ಲಿ ಮೆಟ್ರಿಕ್ ದಾಟಿದವನು ಕಚೇರಿಯಲ್ಲಿ ಗುಮಾಸ್ತನಾದ, ಕೆಲವರು ವಕೀಲರೂ ಆದರು. ಬೆನ್ನಿಗೆ ಸಂಘಗಳಿದ್ದವು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಬಿಲ್ಲವರ ಅಸೋಸಿಯೇಷನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿತು. ಕೆಲಸ, ವಸತಿ, ಓದು, ಸಾಲ ಈ ನಾಲ್ಕೂ ಒಬ್ಬರಿಂದ ಒಬ್ಬರಿಗೆ ದಾಟಿದವು.

ಇದನ್ನು ಹಾಡಿ ಹೊಗಳುವಾಗ ಇದರ ಕೊರತೆಯನ್ನೂ ಹೇಳಬೇಕು. ಕಾಗದ ಕೊಡುವವರು ಮೊದಲು ಹುಡುಗನ ಮನೆತನ ಕೇಳುತ್ತಿದ್ದರು. ಹುಡುಗಿಯರಿಗೆ ಆ ಕಾಗದ ಇರಲೇ ಇಲ್ಲ. ಸಂಘವಿಲ್ಲದ ಸಣ್ಣ ಸಮುದಾಯಗಳ ಮಕ್ಕಳಿಗೆ, ಕೊರಗರ ಮಕ್ಕಳಿಗೆ, ಬೊಂಬಾಯಿಯಲ್ಲಿ ಯಾವ ಭಾವನೂ ಇರಲಿಲ್ಲ. ಹಳೆಯ ಏರ್ಪಾಡು ಚೆನ್ನಾಗಿ ನಡೆಯಿತು ನಿಜ, ಆದರೆ ಎಲ್ಲರಿಗಾಗಿ ನಡೆಯಲಿಲ್ಲ. ಸರ್ಕಾರಿ ಕಚೇರಿಯ ಕಿಟಕಿ ಎಷ್ಟೇ ಒರಟಾಗಿ ಮಾತಾಡಲಿ, ಅದು ಮನೆತನ ಕೇಳುವುದಿಲ್ಲ ಎಂಬುದು ಸಣ್ಣ ಮಾತಲ್ಲ.

ಊರೊಳಗೇ ಉಳಿದವರಿಗೆ ಬ್ಯಾಂಕುಗಳಿದ್ದವು. ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ 1906ರಲ್ಲಿ ಉಡುಪಿಯಲ್ಲಿ ಶುರುವಾದದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅವರ ಮೊದಲ ಉದ್ದೇಶವಾಗಿತ್ತು. 1928ರಲ್ಲಿ ಬಂದ ಪಿಗ್ಮಿ ಠೇವಣಿಯನ್ನು ನಾವು ಉಳಿತಾಯದ ಯೋಜನೆ ಎಂದಷ್ಟೇ ನೆನೆಯುತ್ತೇವೆ. ದಿನಕ್ಕೆ ಎರಡಾಣೆಯಂತೆ ಅಂಗಡಿ ಮನೆ ತಿರುಗಿ ಹಣ ಒಟ್ಟು ಮಾಡುವುದಕ್ಕೆ ಯಾರಾದರೂ ಬೇಕಿತ್ತಲ್ಲ. ಊರಿನ ಎಷ್ಟೋ ಜನರಿಗೆ ಅದೇ ದುಡಿಮೆಯ ದಾರಿಯಾಯಿತು. ಲೆಕ್ಕ ಬರೆಯುವುದು, ಜನರ ಹತ್ತಿರ ಮಾತಾಡುವುದು, ಸಂಜೆಗೆ ಕಾಸು ಕಾಸಿಗೂ ತಾಳೆ ಹೊಂದಿಸುವುದು, ಇವೆಲ್ಲ ಅಲ್ಲಿಯೇ ಕಲಿತದ್ದು. 1942ರಲ್ಲಿ ಡಾ. ಪೈ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದಾಗಲೂ ಕಣ್ಣಿದ್ದದ್ದು ಮುಂದೆ ಓದಲಾಗದವರಿಗೆ ಒಂದು ಕಸುಬು ಕಲಿಸುವುದರ ಮೇಲೆ. ವೈದ್ಯಕೀಯ ಕಾಲೇಜು ಬಂದದ್ದು 1953ರಲ್ಲಿ, ಅಂದರೆ ಹನ್ನೊಂದು ವರ್ಷದ ನಂತರ. ಇವತ್ತು ಮಣಿಪಾಲ ಎಂದರೆ ಎತ್ತರದ ಹಾಸ್ಟೆಲುಗಳು ಕಣ್ಣಿಗೆ ಬರುತ್ತವೆ. ಅದರ ಬೇರಿನಲ್ಲಿರುವುದು ಕೈಕಸುಬು.

ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾ ಸೇರಿತ್ತು. ಬ್ಯಾಂಕ್ ಕೆಲಸಗಳೇನೂ ಮುಗಿದುಹೋಗಿಲ್ಲ, ಆದರೆ ಅವು ಐಬಿಪಿಎಸ್ ಪರೀಕ್ಷೆಯ ಹಾದಿಯಲ್ಲಿ ಬರುತ್ತವೆ. "ನಾಳೆ ಹೆಡ್ಡಾಫೀಸಿಗೆ ಬಾ, ನೋಡುವ" ಎನ್ನುತ್ತಿದ್ದ ಹಿರಿಯರು ನಿವೃತ್ತರಾಗಿ ಬೆಳಗ್ಗಿನ ವಾಕಿಂಗಿನಲ್ಲಿದ್ದಾರೆ.

ಕಣ್ಣಿಗೆ ಬಟ್ಟೆ ಕಟ್ಟಿದ ಆಟ

ಹಳೆಯ ಏರ್ಪಾಡಿನ ಗುಣವನ್ನು ಉಳಿಸಿಕೊಂಡು ಅದರ ದೋಷವನ್ನು ಬಿಟ್ಟ ಸಂಸ್ಥೆ ಯಾವುದು ಎಂದು ಕೇಳಿದರೆ ನಾನು ರುಡ್‌ಸೆಟ್ ಎನ್ನುತ್ತೇನೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಎಸ್‌ಡಿಎಂ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಸ್ವಉದ್ಯೋಗ ತರಬೇತಿಯ ಈ ಸಂಸ್ಥೆಯನ್ನು ಆರಂಭಿಸಿದವು. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ಆರ್‌ಸೆಟಿ ಎಂಬ ಹೆಸರಿನಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಉಡುಪಿ ಜಿಲ್ಲೆಯವರಿಗೆ ಹತ್ತಿರದ್ದು ಬ್ರಹ್ಮಾವರದ ಕೇಂದ್ರ. ಮೊಬೈಲ್ ರಿಪೇರಿ, ಫ್ರಿಜ್ ಮತ್ತು ಎಸಿ ರಿಪೇರಿ, ಹೊಲಿಗೆ, ಬ್ಯೂಟಿ ಪಾರ್ಲರ್, ಹೈನುಗಾರಿಕೆ ಹೀಗೆ ತರಬೇತಿಗಳ ಪಟ್ಟಿ ಉದ್ದ ಇದೆ. ಕಲಿಕೆ, ಊಟ, ವಸತಿ ಮೂರೂ ಉಚಿತ.

ಅಲ್ಲಿನ ತರಬೇತಿಯ ಮೊದಲ ದಿನಗಳಲ್ಲಿ ಉಪಕರಣಕ್ಕೆ ಕೈ ಹಾಕಿಸುವುದಿಲ್ಲ, ಆಟ ಆಡಿಸುತ್ತಾರೆ. ಒಂದು ಆಟದಲ್ಲಿ ನೆಲಕ್ಕೆ ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರದಿಂದ ಎಸೆಯುವುದು ಎಂದು ಎಸೆಯುವವರೇ ತೀರ್ಮಾನಿಸಬೇಕು. ತೀರ ಹತ್ತಿರ ನಿಂತರೆ ಅಂಕ ಕಡಿಮೆ, ತೀರ ದೂರ ನಿಂತರೆ ಬಳೆ ಬೀಳುವುದಿಲ್ಲ. ಇನ್ನೊಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಬಳಕೆಯಿಲ್ಲದ ಕೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪಕ್ಕದಲ್ಲಿ ಇಬ್ಬರು ನಿಂತು ಮಾತಿನಲ್ಲೇ ದಾರಿ ಹೇಳುತ್ತಾರೆ: ಸ್ವಲ್ಪ ಎಡಕ್ಕೆ, ಹಾಂ, ಈಗ ಬಿಡು. ಒಬ್ಬ ಸರಿಯಾಗಿ ಹೇಳುತ್ತಾನೆ, ಇನ್ನೊಬ್ಬ ಗಡಿಬಿಡಿ ಮಾಡುತ್ತಾನೆ, ಗೋಪುರ ಕುಸಿಯುತ್ತದೆ, ಎಲ್ಲರೂ ನಗುತ್ತಾರೆ. ಆಮೇಲೆ ಚರ್ಚೆ ನಡೆಯುತ್ತದೆ. ಯಾರ ಮಾತು ಕೇಳಿದೆ, ಏಕೆ ಕೇಳಿದೆ, ಎಷ್ಟು ತುಂಡು ಪೇರಿಸುತ್ತೇನೆ ಎಂದಿದ್ದೆ, ಎಷ್ಟಾಯಿತು?

ಈ ಆಟಗಳ ಹಿಂದೆ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲಂಡ್ ಇದ್ದಾರೆ. ಸಾಧಿಸುವ ಛಲ ಹುಟ್ಟಿನಿಂದ ಬರಬೇಕಿಲ್ಲ, ಅದನ್ನು ಕಲಿಸಲು ಬರುತ್ತದೆ ಎಂಬ ತಮ್ಮ ವಾದವನ್ನು ಅವರು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಸ್ಥರ ಮೇಲೆ ಪರೀಕ್ಷಿಸಿದ್ದರು. ಆದರೆ ನನಗೆ ಹೆಚ್ಚು ಮುಖ್ಯ ಎನಿಸುವುದು ತರಬೇತಿ ಮುಗಿದ ನಂತರದ ಭಾಗ. ಪ್ರಮಾಣಪತ್ರ ಕೊಟ್ಟು ಕಳಿಸಿದ ಮೇಲೂ ಎರಡು ವರ್ಷ ಹಿಂಬಾಲಿಸುವುದು ಈ ಸಂಸ್ಥೆಗಳ ಕ್ರಮ. ಅಂಗಡಿ ತೆರೆದೆಯಾ, ಬ್ಯಾಂಕಿನವರು ಸಾಲಕ್ಕೆ ಏನೆಂದರು, ತೆರೆದದ್ದನ್ನು ಏಕೆ ಮುಚ್ಚಿದೆ ಎಂದು ಕೇಳುವವರಿರುತ್ತಾರೆ. ಸ್ವಂತ ಉದ್ಯೋಗಕ್ಕೆ ಸಾಲ ಎಲ್ಲಿದೆ ಎಂದು ಕೇಳಿದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಇದೆ ಎಂದು ಯಾರು ಬೇಕಾದರೂ ಹೇಳಿಯಾರು. ಸಾಲ ಪಡೆದು ಆರನೆಯ ತಿಂಗಳು ಗಿರಾಕಿಯೇ ಬಾರದೆ ಕೂತವನಿಗೆ ಫೋನ್ ಮಾಡುವವರು ಬೇರೆ.

ನಮ್ಮ ಪದವಿ ಕಾಲೇಜುಗಳು ಈ ಭಾಗವನ್ನು ಕಲಿತಿಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದವರ ಫೋಟೋ ಹಾಕಿ ಗೇಟಿನ ಬಳಿ ಫ್ಲೆಕ್ಸ್ ಕಟ್ಟುವುದರೊಂದಿಗೆ ಲೆಕ್ಕ ಮುಗಿಯುತ್ತದೆ. ಆ ಫೋಟೋದಲ್ಲಿದ್ದವರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರವೂ ಅದೇ ಕೆಲಸದಲ್ಲಿದ್ದಾರೆ ಎಂದು ಯಾವ ಫ್ಲೆಕ್ಸೂ ಹೇಳುವುದಿಲ್ಲ. ದೇಶದ ಮೂಲೆ ಮೂಲೆಯಿಂದ ಮಣಿಪಾಲಕ್ಕೆ ಬಂದು ಓದುವವರಿಗೆ ಪ್ಲೇಸ್‌ಮೆಂಟಿಗೆಂದೇ ವಿಭಾಗ ಇದೆ. ಹತ್ತಾರು ಕಿಲೋಮೀಟರ್ ಆಚೆಯ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆ ಕೆಲಸ ಸಾಮಾನ್ಯವಾಗಿ ಪಾಠ, ಮೌಲ್ಯಮಾಪನ, ಚುನಾವಣಾ ಡ್ಯೂಟಿಗಳ ನಡುವೆ ಒಬ್ಬ ಉಪನ್ಯಾಸಕರ ಹೆಗಲಿಗೆ ಬಿದ್ದಿರುತ್ತದೆ.

ಬಯೊಡೇಟಾದಲ್ಲಿ ಇಲ್ಲದ್ದು

ಕಾಪು ಕಡೆಯ ಹುಡುಗಿಯೊಬ್ಬಳು ಒಮ್ಮೆ ತನ್ನ ಬಯೊಡೇಟಾ ತೋರಿಸಿದಳು. ಬಿ.ಕಾಂ. ಮುಗಿಸಿದ್ದಾಳೆ, ಅಂಕಗಳೂ ಚೆನ್ನಾಗಿವೆ. ಕೊನೆಯಲ್ಲಿ "ಹವ್ಯಾಸ: ಹಾಡು ಕೇಳುವುದು, ಓದುವುದು" ಎಂದಿತ್ತು. ಮನೆಯಲ್ಲಿ ಏನು ಮಾಡುತ್ತಿ ಎಂದು ವಿಚಾರಿಸಿದರೆ, ಅಮ್ಮನ ಸ್ವಸಹಾಯ ಸಂಘದ ಲೆಕ್ಕಪುಸ್ತಕ ಬರೆಯುವವಳು ಇವಳೇ. ವಾರದ ಉಳಿತಾಯ, ಸಾಲದ ಕಂತು, ಬಡ್ಡಿ, ಸಭೆಯ ನಿರ್ಣಯ ಎಲ್ಲವೂ ಇವಳದೇ ಅಕ್ಷರ. ಕಂತು ತಪ್ಪಿಸಿದ ಸದಸ್ಯೆಯ ಮನೆಗೆ ಹೋಗಿ ಜಗಳವಾಗದ ಹಾಗೆ ಮಾತಾಡಿ ಬರುವುದೂ ಇವಳದೇ ಪಾಲು. ಇದನ್ನೇಕೆ ಬರೆದಿಲ್ಲ ಎಂದರೆ, "ಅದು ಮನೆ ಕೆಲಸ ಅಲ್ವಾ ಸರ್, ಅದನ್ನೆಲ್ಲ ಬರೀಲಿಕ್ಕುಂಟಾ?" ಎಂದು ನನ್ನನ್ನೇ ಕೇಳಿದಳು.

ಖಂಡಿತ ಬರೆಯಲಿಕ್ಕುಂಟು. ಮೀನುಗಾರಿಕೆ ಬೋಟಿನ ಡೀಸೆಲ್ ಲೆಕ್ಕ ಇಟ್ಟವರು, ಯುವಕ ಮಂಡಲದ ಕಬಡ್ಡಿ ಪಂದ್ಯಕ್ಕೆ ಪ್ರಾಯೋಜಕರನ್ನು ಹುಡುಕಿದವರು, ಗಣೇಶೋತ್ಸವದ ರಶೀದಿ ಪುಸ್ತಕ ನೋಡಿಕೊಂಡವರು, ಕಾರ್ಕಳದ ಗೇರುಬೀಜ ಕಾರ್ಖಾನೆಯಲ್ಲಿ ರಜೆಯ ಕೆಲಸ ಮಾಡಿದವರು, ಇವರೆಲ್ಲರ ಬಳಿಯೂ ಅನುಭವ ಇದೆ. ಅದು ಅನುಭವ ಎಂದು ಹೇಳಿಕೊಡುವವರು ಇಲ್ಲ. ಅದಕ್ಕೆ ದೊಡ್ಡ ಪರಿಣತರು ಬೇಕಾಗಿಲ್ಲ, ಈಗಾಗಲೇ ನಾಲ್ಕು ವರ್ಷ ಕೆಲಸ ಮಾಡಿದ ಒಬ್ಬ ಅಣ್ಣನೋ ಅಕ್ಕನೋ ಸಾಕು.

ಅಂಥವರನ್ನು ಎಲ್ಲಿ ಹುಡುಕುವುದು? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಹತ್ತಿರದ ನ್ಯೂಟನ್ ಪಟ್ಟಣದಲ್ಲಿ, ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕೆಲಸದ ಸುಳಿವು ಕೊಟ್ಟವರು ಹೆಚ್ಚಾಗಿ ಆಪ್ತ ಸ್ನೇಹಿತರಲ್ಲ, ಅಪರೂಪಕ್ಕೆ ಸಿಗುವ ಪರಿಚಯಸ್ಥರು ಎಂಬುದು ಅವರು ಕಂಡುಕೊಂಡ ಸಂಗತಿ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರ ಲೋಕ ಬೇರೆ. ಕಾರ್ಕಳದಿಂದ ಉಡುಪಿಗೆ ದಿನಾ ಒಂದೇ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಆಸ್ಪತ್ರೆಯಲ್ಲಿ ಲ್ಯಾಬಿಗೆ ಜನ ಬೇಕು, ಯಾವ ಶೋರೂಮಿನಲ್ಲಿ ಅಕೌಂಟೆಂಟ್ ಬಿಟ್ಟು ಹೋದರು ಎಂಬ ಸುದ್ದಿ ಪತ್ರಿಕೆಗಿಂತ ಮೊದಲು ಆ ಸೀಟುಗಳಲ್ಲಿ ಓಡಾಡುತ್ತದೆ. ನಾಚಿಕೆ ಬಿಟ್ಟು ವಿಚಾರಿಸಬೇಕು. "ಕೆಲಸ ಕೊಡಿಸಿ" ಎಂದರೆ ಎದುರಿನವರು ಮುದುಡಿಕೊಳ್ಳುತ್ತಾರೆ. "ನೀವು ಈ ಕೆಲಸಕ್ಕೆ ಸೇರಿದ್ದು ಹೇಗೆ, ಮೊದಲ ವರ್ಷ ಏನು ಕಷ್ಟವಾಯಿತು?" ಎಂದು ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾರೆ.

ಇಂಥ ಜೊತೆಯನ್ನು ಶಿಸ್ತಾಗಿ ಕಟ್ಟಿದ ಒಂದು ಸ್ಥಳೀಯ ಉದಾಹರಣೆ ಉಡುಪಿಯ ಯಕ್ಷಗಾನ ಕಲಾರಂಗ. 1975ರಲ್ಲಿ ಕಲೆಗಾಗಿ ಹುಟ್ಟಿದ ಈ ಸಂಸ್ಥೆ 2005ರಿಂದ ವಿದ್ಯಾಪೋಷಕ್ ಎಂಬ ಯೋಜನೆ ನಡೆಸುತ್ತಿದೆ. ಪಿಯುಸಿಯಿಂದ ಮೇಲಿನ ಬಡ ವಿದ್ಯಾರ್ಥಿಗಳಿಗೆ ಹಣಸಹಾಯ ಸಿಗುತ್ತದೆ. ಅದರ ಜೊತೆಗೆ ವ್ಯಕ್ತಿತ್ವ ವಿಕಸನದ ಶಿಬಿರಗಳಿವೆ. ಆಯ್ಕೆಗೆ ಮುಂಚೆ ಕಾರ್ಯಕರ್ತರು ಮನೆಗೆ ಹೋಗಿ ನೋಡಿ ಬರುತ್ತಾರೆ. ಮನೆಯ ಸ್ಥಿತಿ ಕಂಡು, ಮನೆಯನ್ನೇ ಕಟ್ಟಿಸಿಕೊಟ್ಟದ್ದೂ ಇದೆ. ಚೆಕ್ ಬರೆದು ಕೈ ತೊಳೆದುಕೊಳ್ಳುವ ದಾನಕ್ಕೂ ಇದಕ್ಕೂ ಬಹಳ ಅಂತರ ಇದೆ.

ಕಚೇರಿಗಳಲ್ಲಿ ಸಿಗುವುದೇನು?

ಮಣಿಪಾಲದ ರಜತಾದ್ರಿ ಜಿಲ್ಲಾ ಸಂಕೀರ್ಣದಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇದೆ. ಅಲ್ಲಿ ಹೆಸರು ಬರೆಸಿದರೆ ಮನೆಗೆ ನೇಮಕಾತಿ ಪತ್ರ ಬರುತ್ತಿದ್ದ ಕಾಲ ಹೋಯಿತು ಎಂದು ನಗುವವರಿದ್ದಾರೆ. ಅದು ಹೋದದ್ದು ಹೌದು. ಕಚೇರಿಯವರು ನಡೆಸುವ ನೇರ ಸಂದರ್ಶನಗಳು, ವೃತ್ತಿ ಮಾರ್ಗದರ್ಶನ ಈಗಲೂ ಇವೆ. 2015ರಲ್ಲಿ ಆರಂಭವಾದ ನ್ಯಾಷನಲ್ ಕರಿಯರ್ ಸರ್ವೀಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ತಿಳಿಯದವರಿಗೂ ಅಲ್ಲಿ ವಿಚಾರಿಸಬಹುದು.

ರಾಜ್ಯದ ಯುವನಿಧಿ ಯೋಜನೆಯಲ್ಲಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಅರ್ಜಿ ಸೇವಾಸಿಂಧುವಿನಲ್ಲಿ. ಈ ಹಣದಲ್ಲಿ ಬೆಂಗಳೂರಿನ ಪಿ.ಜಿ.ಯ ಮುಂಗಡವೂ ಹುಟ್ಟುವುದಿಲ್ಲ ಎಂಬ ಟೀಕೆ ಸರಿ. ಆದರೆ ಸಂದರ್ಶನಕ್ಕೆ ಹೋಗಿಬರುವ ಬಸ್ಸಿಗೆ ಅಪ್ಪನ ಹತ್ತಿರ ಕೈಯೊಡ್ಡುವುದು ತಪ್ಪುತ್ತದೆ. ಆ ಮುಜುಗರ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು. 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 21ರಿಂದ 24ರ ವಯಸ್ಸಿನವರಿಗೆ ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ ಕಲಿಯುವ ಅವಕಾಶ ಮತ್ತು ತಿಂಗಳಿಗೆ 5,000 ರೂಪಾಯಿ ಎಂದು ಹೊರಟಿತು.

ಇದಕ್ಕಿಂತ ಹಳೆಯದು, ಕಡಿಮೆ ಸದ್ದು ಮಾಡಿದ್ದು 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎನ್ನುತ್ತದೆ ಅದರ ನಿಯಮ. ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆ, ಮುದ್ರಣಾಲಯ, ಗೇರುಬೀಜ ಕಾರ್ಖಾನೆ, ಮಲ್ಪೆಯ ಹಡಗು ನಿರ್ಮಾಣ ಕಟ್ಟೆ, ಎಲ್ಲೂರಿನ ವಿದ್ಯುತ್ ಸ್ಥಾವರ ಹೀಗೆ ಕೇಳಬಹುದಾದ ಬಾಗಿಲುಗಳು ಬೇಕಾದಷ್ಟಿವೆ. ಕೇಳುವವರು ಕಡಿಮೆ.

ಸ್ವಂತ ಕಂಪನಿಯ ಕನಸಿರುವವರಿಗೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಅಟಲ್ ಇನ್‌ಕ್ಯುಬೇಷನ್ ಕೇಂದ್ರ, ಮಣಿಪಾಲದಲ್ಲಿ ವಿಶ್ವವಿದ್ಯಾಲಯದ ಇನ್‌ಕ್ಯುಬೇಟರ್ ಇವೆ. ಊರಲ್ಲೇ ಇದ್ದು ಆಗುವುದುಂಟೇ ಎಂದು ಕೇಳುವವರಿಗೆ ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ಶುರು ಮಾಡಿದ ರೋಬೋಸಾಫ್ಟ್ ಉತ್ತರ ಕೊಟ್ಟು ಎಷ್ಟೋ ವರ್ಷವಾಯಿತು. ಮೂಡುಬಿದಿರೆಯ ಆಳ್ವಾಸ್ ಪ್ರಗತಿಯಂಥ ಉದ್ಯೋಗ ಮೇಳಗಳು ಕಾರ್ಕಳದವರಿಗೆ ಹತ್ತಿರ. ಕೆಲಸ ಸಿಗದಿದ್ದರೂ ಒಂದೇ ದಿನ ಹತ್ತು ಸಂದರ್ಶನಕ್ಕೆ ಕೂತರೆ ಹನ್ನೊಂದನೆಯದರಲ್ಲಿ ನಾಲಿಗೆ ಒಣಗುವುದಿಲ್ಲ.

ಗಲ್ಫಿನ ಆಸೆ ನಮ್ಮಲ್ಲಿ ಇನ್ನೂ ಆರಿಲ್ಲ, ಆರಬೇಕೆಂದೂ ಇಲ್ಲ. ಆದರೆ ಏಜೆಂಟರ ಹೆಸರು ಇ-ಮೈಗ್ರೇಟ್ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷದ ಮಾತು ಎತ್ತಿದವರ ಹತ್ತಿರ, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸುವ ಎಂದವರ ಹತ್ತಿರ ಎರಡನೆಯ ಸಲ ಮಾತಾಡಬೇಡಿ. ಆನ್‌ಲೈನಿನಲ್ಲಿ ಕೆಲಸದ ಹೆಸರಲ್ಲಿ ಹಣ ಹೋದರೆ ಅವಮಾನವೆಂದು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೆಲಸ ಸಿಕ್ಕಿತು ಎಂದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ, ನಿಜವಾದ ಒಂಟಿತನ ಅಲ್ಲಿಂದ ಶುರುವಾಗುತ್ತದೆ. ನೇಮಕಾತಿ ಪತ್ರ ಕೇಳಿ ಪಡೆಯಬೇಕು. ಮೂಲ ಅಂಕಪಟ್ಟಿ ನಮ್ಮಲ್ಲಿರಲಿ ಎನ್ನುವ ಸಂಸ್ಥೆಗೆ ಜೆರಾಕ್ಸ್ ಸಾಕು ಎನ್ನಬೇಕು. ಪಿ.ಎಫ್. ಕಡಿತವಾದರೆ ಯುಎಎನ್ ಸಂಖ್ಯೆ ಕೇಳಬೇಕು. 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಸೌಲಭ್ಯ ಇದೆ ಎಂದು ಗೊತ್ತಿರಬೇಕು. ಹುಡುಗಿಯರು ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಇರಬೇಕಾದ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲ ವಾರವೇ ತಿಳಿದುಕೊಳ್ಳುವುದು ಒಳ್ಳೆಯದು. ನಿದ್ದೆ ಬಾರದೆ, ಮನೆಗೆ ಫೋನ್ ಮಾಡಲೂ ಮನಸ್ಸಾಗದೆ ದಿನಗಳು ಹೋಗುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲಿ ಮಾತಾಡಬಹುದು, ಕರೆಗೆ ಹಣವಿಲ್ಲ.

ಇನ್ನೊಂದು ಮಾತು ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ನೆಲೆ ನಿಂತ ನಮ್ಮವರಿಗೆ. ಅಷ್ಟಮಿಗೋ ಊರಿನ ಜಾತ್ರೆಗೋ ಬಂದಾಗ ಓದಿದ ಕಾಲೇಜಿಗೆ ಒಂದು ಮಧ್ಯಾಹ್ನ ಹೋಗಿ ಬನ್ನಿ. ಭಾಷಣ ಬೇಡ, ಶಾಲು ಹಾರವೂ ಬೇಡ. ಅಂತಿಮ ವರ್ಷದ ಇಬ್ಬರ ಬಯೊಡೇಟಾ ಓದಿ, ತಿದ್ದಿ, ನಂಬರ್ ಕೊಟ್ಟು, ಒಂದು ವರ್ಷ ಅವರ ಕರೆಗೆ ಸಿಗಿ. ಅವರ ಮನೆತನ ಕೇಳಬೇಡಿ. ಓದು ಮುಗಿಸಿ ಮನೆಯಲ್ಲಿ ಕೂತವರು ಕೆಲಸದ ದಿನವೊಂದರಲ್ಲಿ ಆಧಾರ್, ಅಂಕಪಟ್ಟಿಗಳ ಮೂಲ ಮತ್ತು ಜೆರಾಕ್ಸ್ ಹಿಡಿದು ರಜತಾದ್ರಿಗೆ ಹೋಗಿ. ನೋಂದಣಿಗೆ ಹಣ ಕೊಡಬೇಕಾಗಿಲ್ಲ.